ಬುಡ್ಡೇಸಾಬ್ ಬರೆಸಿದ ಸಾಲು

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಕಡೆ ಬೇವಿನ ಮರದಡಿ ಬುಡ್ಡೇಸಾಬರ ಚಹಾದಂಗಡಿ ಇತ್ತು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನ ಡ್ರೈವರ್ ಅಲ್ಲಿ ಒಂದು ಕಪ್ ಚಹಾ ಇಳಿಸದೆ ಗಾಡಿ ಎಬ್ಬಿಸುತ್ತಿರಲಿಲ್ಲ, ಒಳಗೆ ಕೂತವರು ಎಷ್ಟೇ ಬಾಯಿ ಮಾಡಲಿ. ಹೆಂಗಸರು ಅಂಗಡಿಗೆ ಹೋಗುವ ಕಾಲವಲ್ಲ ಅದು. ನಮ್ಮವರು ಕಿಟ್ಲಿಯಲ್ಲಿ ತಂದುಕೊಡುತ್ತಿದ್ದರು, ಅತ್ತೆಯವರಿಗೆ ಕಾಣದ ಹಾಗೆ ನಾನು ಹಿತ್ತಲಲ್ಲಿ ನಿಂತು ಕುಡಿಯುತ್ತಿದ್ದೆ. ಶುಂಠಿ ಜಾಸ್ತಿ, ಹಾಲು ಸಾಬರ ಮನಸ್ಸು ಬಂದಷ್ಟು. ಅಂಥ ಚಹಾ ಮತ್ತೆ ಸಿಗಲಿಲ್ಲ.

ಬುಡ್ಡೇಸಾಬರು ಎರಡನೇ ದೊಡ್ಡ ಯುದ್ಧದಲ್ಲಿ ದೂರದ ಚಿತ್ತಗಾಂಗ್ ಬಂದರಿನ ಮಿಲಿಟರಿ ದವಾಖಾನೆಯ ಅಡುಗೆಯವರಾಗಿದ್ದರು. ಅಲ್ಲಿಂದ ಬರುವಾಗ ಒಂದು ಖಾಕಿ ಕೋಟು ತಂದರು, ಒಂದು ದೊಡ್ಡ ಸಿಟ್ಟೂ ತಂದರು. ಕೋಟು ಹರಿದು ಹೋಯಿತು, ಸಿಟ್ಟು ಹಾಗೇ ಇತ್ತು.

ನಮ್ಮವರೆಂದರೆ ನನ್ನ ಗಂಡ. ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಊರು ಶಿವಶರಣಪ್ಪ ಮಾಸ್ತರ ಅನ್ನುತ್ತಿತ್ತು ಎಂದರೆ ತಪ್ಪಿಲ್ಲ. ನಿಜಾಮರ ಆಳಿಕೆ ಮುಗಿದು ಶಾಲೆಗಳು ಉರ್ದು ಬಿಟ್ಟು ಕನ್ನಡಕ್ಕೆ ಬಂದ ಹೊಸತು. ಕಲಿಸುವ ಹುಮ್ಮಸ್ಸು ಬೇಕಾದಷ್ಟಿತ್ತು, ಪುಸ್ತಕ ಇರಲಿಲ್ಲ. ಲಿಂಗಸುಗೂರಿನ ವಕೀಲ ದೊಡ್ಡಬಸಪ್ಪನವರು ಸುತ್ತಲಿನ ಮಾಸ್ತರರನ್ನು ಕೂಡಿಸಿ, ಮಕ್ಕಳಿಗೊಂದು ಜ್ಞಾನಕೋಶ ಮಾಡೋಣ ಅಂದರು. ಒಬ್ಬೊಬ್ಬರಿಗೆ ಒಂದೊಂದು ಪಾಲು. ಆಫ್ರಿಕದ ಜನ ನಮ್ಮವರ ಪಾಲಿಗೆ ಬಂದರು. ಆಫ್ರಿಕದವರು ಅಂದರೆ ನಮ್ಮ ಕಡೆಗೆ ಗೊತ್ತಿದ್ದದ್ದು ಹೈದರಾಬಾದಿನ ಹಬ್ಸಿ ಸಿಪಾಯಿಗಳಷ್ಟೇ. ನಮ್ಮವರು ತಲೆ ಕೆರೆದುಕೊಂಡು ಕೂತರು. ಆಗ ನೆನಪಾದವರು ಬುಡ್ಡೇಸಾಬರು. ಅವರ ದವಾಖಾನೆಯಲ್ಲಿ ಇಂಗ್ಲಿಷರ ಫೌಜಿನಲ್ಲಿ ಆಫ್ರಿಕದಿಂದ ಬಂದ, ಇಗ್ಬೊ ಎಂಬ ಜನದ ಸಿಪಾಯಿಯೊಬ್ಬ ಮಲಗಿದ್ದನಂತೆ.

ಸಂಜೆ ಬಸ್ಸು ಹೋದ ಮೇಲೆ ಸಾಬರು ನಮ್ಮ ಕಟ್ಟೆಗೆ ಬಂದು ಕೂತರು. ನಾನು ಬಾಗಿಲ ಒಳಗೆ ಜೋಳ ಹಸನು ಮಾಡುತ್ತ ಕಿವಿ ಅಲ್ಲೇ ಇಟ್ಟಿದ್ದೆ.

"ಒಕಾಫೋರ್ ಅಂತ ಅವನ ಹೆಸರು ನೋಡ್ರಿ ಮಾಸ್ತರ. ಸಂತಿ ದಿನ ಹುಟ್ಟ್ಯಾನಂತ, ಅದಕ್ಕ ಆ ಹೆಸರು. ನಮ್ಮಲ್ಲಿ ಸಂತೆವ್ವ ಇರಂಗಿಲ್ಲೇನು, ಹಂಗ."

ಕಾಲಿಗೆ ಗುಂಡು ತಾಗಿ ಜ್ವರದಲ್ಲಿ ಬಿದ್ದಿದ್ದವನಿಗೆ ಸಾಬರು ಗಂಜಿ ಕುಡಿಸಿದ್ದರು. ತಮ್ಮ ತಾಯಿ ಲಾಲ್‌ಬೀ ಕಟ್ಟಿ ಕಳಿಸಿದ ತಾಯಿತವನ್ನು ಬಿಚ್ಚಿ ಅವನ ತೋಳಿಗೆ ಕಟ್ಟಿದ್ದರು. ಜ್ವರ ಇಳಿಯಿತು. ಅರ್ಧ ಹಿಂದೂಸ್ತಾನಿ, ಅರ್ಧ ಇಂಗ್ಲಿಷು, ಉಳಿದದ್ದು ಕೈಸನ್ನೆ, ಇಷ್ಟರಲ್ಲಿ ಇಬ್ಬರ ದೋಸ್ತಿ ಬೆಳೆಯಿತು. ಮಾತೆಲ್ಲ ತಂತಮ್ಮ ಊರ ಸಂತೆಯದು. ತಾರೀಖು ಯಾರಿಗೆ ಬೇಕಿತ್ತು, ಇಬ್ಬರೂ ಸಂತೆ ಎಣಿಸಿಕೊಂಡೇ ದಿನ ನೂಕುತ್ತಿದ್ದರು. ಒಕಾಫೋರನಿಗೆ ಊರಿನ ಹಂಬಲ ಹೆಚ್ಚು ಎಂದು ಸಾಬರು ನಗುತ್ತಿದ್ದರು. "ಮೊನ್ನೆರ ಸಂತಿ ಅಂದಿದ್ದಿ, ಮತ್ತ ಇವತ್ತೂ ಸಂತಿ ಏನಲೇ ಅಂತಿದ್ದೆ. ಹಲ್ಲು ಕಿಸೀತಿದ್ದ."

ಅವನನ್ನು ಬಂದರಿನ ಕ್ಯಾಂಪಿಗೆ ಕಳಿಸುವ ದಿನ ಬಂತು. ಇಬ್ಬರ ಊರಲ್ಲೂ ಅಂದು ಸಂತೆಯೇ. ದವಾಖಾನೆ ಮುಂದಿನ ಆಲದ ಮರದ ಕೆಳಗೆ ನಿಂತು ಅವನು ತೋಳು ಮುಟ್ಟಿಕೊಂಡು ಹೇಳಿದನಂತೆ: ಇದು ಇನ್ನೊಂದು ಸಂತೆ ಬರುವ ತನಕ ನನ್ನ ಹತ್ತಿರ ಇರಲಿ, ಆ ದಿನ ಇದೇ ಮರದ ಕೆಳಗೆ ತಂದು ಕೊಡುತ್ತೇನೆ.

"ವಾರ ಕಳದು, ಸಂತಿ ದಿನ ಬೆಳಿಗ್ಗಿಂದ ಸಂಜೀತನಕ ಆ ಮರದ ಬುಡಕ ಕುಂತೇನ್ರಿ. ಬರಲಿಲ್ಲ. ಕ್ಯಾಂಪಿಗೆ ಹೋಗಿ ಕೇಳಿದ್ರ, ಜಹಾಜ ನಿನ್ನೆನ ಹೋಗೇತಿ ಅಂದ್ರು. ದಗಾ ಮಾಡಿದ. ನಮ್ಮವ್ವ ಸಾಯೂತನಕ ತಾಯಿತ ಎಲ್ಲೈತಿ ಅಂತ ಕೇಳಿದ್ಳು. ಕಳೀತು ಅಂದೆ. ಬರಕೋರಿ ಮಾಸ್ತರ, ಮಾತಿಗೆ ತಪ್ಪೋ ಮಂದಿ ಅಂತ ಬರಕೋರಿ."

ಕಣ್ಣಾರೆ ಕಂಡವರ ಮಾತು ಎಂದು ನಮ್ಮವರು ಬರೆದೇ ಬಿಟ್ಟರು. 'ಇಗ್ಬೊ ಜನರು ಮಾತಿಗೆ ತಪ್ಪುವವರು.' ದುಂಡಾದ ಅಕ್ಷರ. ನಾನೂ ಓದಿ ತಲೆಯಾಡಿಸಿದೆ, ಆ ಕಾಣದ ಮನುಷ್ಯನ ಮೇಲೆ ನನಗೂ ಸಿಟ್ಟು ಬಂದಿತ್ತು.

ಹಾಳೆ ಲಿಂಗಸುಗೂರಿಗೆ ಹೋಯಿತು, ಹೋದ ಹಾಗೇ ತಿರುಗಿ ಬಂತು. ಅಂಚಿನಲ್ಲಿ ವಕೀಲರು ಕೇಳಿದ್ದರು: 'ಎಷ್ಟು ಜನ ಇಗ್ಬೊಗಳನ್ನು ನೋಡಿ ಈ ಮಾತು ಬರೆದಿರಿ? ಮುದ್ರಣಕ್ಕೆ ಕೊಡುವ ಮುಂಚೆ ಬರಹ ತಿದ್ದಬೇಕು.' ಜೊತೆಗೆ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ನಮ್ಮವರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಪುಸ್ತಕ ತೆರೆದರು. ಓದುತ್ತಾ ಓದುತ್ತಾ ಊಟ ಮರೆತರು. ಹೊಸದಾಗಿ ಬರೆದರು. ಆದರೆ ಆ ಒಂದು ಸಾಲು ಹೊಡೆದು ಹಾಕಲು ಕೈ ಬರಲಿಲ್ಲ. ಬುಡ್ಡೇಸಾಬರಿಗೆ ಓದಿ ಹೇಳದೆ ತೆಗೆಯುವುದು ಸರಿಯಲ್ಲ ಎಂದು ಕಟ್ಟೆಗೆ ಕರೆಸಿದರು.

"ಆ ಸಾಲು ತಗದ್ರ ನಿಮಗ ನನ್ನ ಅಂಗಡಿ ಚಹಾ ಬಂದ್" ಎಂದೇ ಸಾಬರು ಕೂತರು. ಒಳಗಿದ್ದ ನನಗೆ ದಿಗಿಲಾಯಿತು, ಚಹಾ ಹೋದರೆ ನನ್ನದೂ ಹೋಗುತ್ತಿತ್ತಲ್ಲ.

ನಮ್ಮವರು ಓದಿದರು. "ಇವರ ಬಹಳ ಊರುಗಳಲ್ಲಿ ರಾಜರಿಲ್ಲ. ಹಿರಿಯರೂ ಜನರೂ ಕೂತು ಮಾತಾಡಿ ತೀರ್ಮಾನಿಸುತ್ತಾರೆ."

"ಶಾಣ್ಯಾ ಮಂದಿ ಅದಾರಪಾ" ಎಂದು ಸಾಬರು ಮೂಗು ಮುರಿದರು.

"ಮನೆಗೆ ಬಂದವರಿಗೆ ಮೊದಲು ಕೋಲಾ ಎಂಬ ಕಾಯಿ ಒಡೆದು ಹಂಚುತ್ತಾರೆ."

"ನಮ್ಮ ಎಲಿ ಅಡಕಿ ಇದ್ದಂಗ. ಮುಂದ ಓದ್ರಿ."

"ಇವರ ವಾರಕ್ಕೆ ನಾಲ್ಕೇ ದಿನ. ನಾಲ್ಕು ದಿನಕ್ಕೊಮ್ಮೆ ಊರ ಸಂತೆ ತಿರುಗಿ ಬರುತ್ತದೆ."

ನಾನು ಮೊರ ಕೆಳಗಿಟ್ಟು ಇಣುಕಿದೆ. ಸಾಬರ ಬಲಗೈ ಎಡತೋಳಿನ ಮೇಲಿತ್ತು, ತಾಯಿತ ಇರುತ್ತಿದ್ದ ಜಾಗದಲ್ಲಿ.

"ಇನ್ನೊಮ್ಮೆ ಓದ್ರಿ."

ನಮ್ಮವರು ಓದಿದರು. ಅಷ್ಟು ಹೊತ್ತಿಗೆ ಅವರಿಗೂ ತಿಳಿದಿತ್ತು, ದನಿ ಸಣ್ಣಗಾಗಿತ್ತು.

"ಅದಕ್ಕ ಅಂವ ಮ್ಯಾಲಿಂದ ಮ್ಯಾಲೆ ಸಂತಿ ಅಂತಿದ್ದ" ಎಂದರು ಸಾಬರು. "ಬಂದಾನ್ರೀ ಮಾಸ್ತರ. ಹೇಳಿದ ಸಂತಿಗೆ, ನಾಕನೇ ದಿನಕ್ಕ ಬಂದಾನ. ಆ ಮರದ ಬುಡಕ ತಾಯಿತ ಹಿಡಕೊಂಡು ಕುಂತಾನ. ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ. ನಾನ ಹೋಗಿಲ್ಲ."

ಅಷ್ಟು ದೊಡ್ಡ ಆಳು ಕಟ್ಟೆಯ ಮೇಲೆ ಕೂತು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ನನಗೂ ಅಳು ತಡೆಯಲಿಲ್ಲ. ಅತ್ತೆಯವರು ಒಳಗಿನಿಂದ, ಯಾಕ ಏನಾತು ಎಂದು ಕೂಗಿದರು. ನಾನು ಕಿಟ್ಲಿ ತುಂಬ ನೀರು ತಂದು ಎಲ್ಲರೆದುರೇ ಸಾಬರ ಕೈಗೆ ಕೊಟ್ಟೆ.

ನೀರು ಕುಡಿದು, ಮುಖ ಒರೆಸಿಕೊಂಡು, "ಆ ಸಾಲು ಎಲ್ಲದ ತೋರಸ್ರಿ" ಎಂದರು. ಅವರಿಗೆ ಓದು ಬರುತ್ತಿರಲಿಲ್ಲ. ನಮ್ಮವರು ಬೆರಳಿಟ್ಟು ತೋರಿಸಿದರು. ಸಾಬರು ಲೇಖನಿ ಇಸಿದುಕೊಂಡು, ತಾವು ಬರೆಸಿದ ಸಾಲನ್ನು ಹಾಳೆ ಹರಿಯುವ ಹಾಗೆ ಒತ್ತಿ ಹೊಡೆದರು. ಮತ್ತೆ ಅದರ ಮೇಲೆ ಇನ್ನೊಂದು ಗೆರೆ.

ಹೊರಡಲು ಎದ್ದವರು ಮೆಟ್ಟಿಲ ಹತ್ತಿರ ನಿಂತರು.

"ಮಾಸ್ತರ, ಅಂವನೂ ತನ್ನೂರಿಗೆ ಹೋಗಿ ಹೇಳಿರ್ತಾನಲ್ರೀ, ಮಸ್ಕಿ ಮಂದಿ ಮಾತಿಗೆ ತಪ್ಪತಾರ ಅಂತ. ಅಲ್ಲಿ ಯಾರರ ಅದನ್ನ ಬರಕೊಂಡಿದ್ರ, ಯಾರು ಹೊಡದು ಹಾಕಬೇಕ್ರಿ?"