ಕುಂದಾಣದ ಕೆರೆಗೆ ಬಂದ ಟೂಕನ್

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನು ನಾನು. ಆದರೂ ಕುಂದಾಣದ ಹತ್ತಿರದ ಒಂದು ಕೆರೆಗೆ ದಕ್ಷಿಣ ಅಮೆರಿಕದ ಹಕ್ಕಿ ಬಂದು ಕೂತದ್ದರಲ್ಲಿ ನನ್ನ ಪಾಲೂ ಇದೆ.

ಅಕ್ಕನ ಮಗ ಮಂಜುನಾಥ ಆ ಕೆರೆಯ ಪಕ್ಕ ಲೇಔಟ್ ಮಾಡಿದ. ಜಾಹೀರಾತಿನ ಕರಪತ್ರ ತಂದುಕೊಟ್ಟು, "ಮಾವ, ಕನ್ನಡ ಒಂಚೂರು ನೋಡ್ಬಿಡಿ" ಅಂದ. ನಾನು ನಿಷ್ಠೆಯಿಂದ ಒತ್ತು, ದೀರ್ಘಗಳನ್ನೆಲ್ಲ ತಿದ್ದಿದೆ. 'ನಮ್ಮ ಕೆರೆಯ ಹಕ್ಕಿಗಳು' ಎಂಬ ಶೀರ್ಷಿಕೆಯಲ್ಲಿ ಒಂದೂ ತಪ್ಪು ಉಳಿಸಲಿಲ್ಲ. ಅದರ ಕೆಳಗಿನ ಚಿತ್ರವನ್ನು ಮಾತ್ರ ನೋಡಲಿಲ್ಲ.

ನೋಡಿದವರು ಮುನಿಯಮ್ಮ. ಕೆರೆ ಏರಿಯ ಮೇಲೆ ಮೇಕೆ ಮೇಯಿಸುತ್ತಲೇ ಅವರಿಗೆ ಎಪ್ಪತ್ತಾಗಿದೆ. ಲೇಔಟಿನ ಪೂಜೆಯ ದಿನ ಕರಪತ್ರ ಹಿಡಿದು ನೇರ ನನ್ನ ಬಳಿಗೇ ಬಂದರು.

"ಮೇಷ್ಟ್ರೇ, ಬಾಳೆಕಾಯಿ ಕಚ್ಕೊಂಡಿರೋ ಈ ಕಾಗೆ ಯಾವ್ದು? ನಾನ್ ಕಂಡೇ ಇಲ್ವಲ್ಲ."

ಅದು ಬಾಳೆಕಾಯಲ್ಲ, ಟೂಕನ್ ಎಂಬ ಹಕ್ಕಿಯ ದಪ್ಪ ಕೊಕ್ಕು. "ಇದು ಇಲ್ಲೀದಲ್ಲಮ್ಮ, ಅಮೆರಿಕದ್ದು" ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡೆ. ಸೈಟು ನೋಡಲು ಬಂದಿದ್ದ ಹೆಂಗಸೊಬ್ಬರಿಗೆ ಅದು ಕೇಳಿಸಿತು. "ಹಾಗಾದ್ರೆ ಇಲ್ಲಿ ಯಾವ ಹಕ್ಕಿ ಇದೆ?" ಅಂದರು.

ಮುನಿಯಮ್ಮ ನಮ್ಮನ್ನು ಏರಿಗೆ ಕರೆದುಕೊಂಡು ಹೋದರು. ಜೊಂಡಿನ ನಡುವೆ ನೀಲಿ ಮೈ, ಕೆಂಪು ಕೊಕ್ಕಿನ ಜಂಬುಕೋಳಿ. ಅದರ ಹಿಂದೆ ಮಸಿಯುಂಡೆಗಳಂಥ ಮರಿಗಳು. ಲೇಔಟಿನ ನಕ್ಷೆಯಲ್ಲಿ ಆ ಜೊಂಡು ಕಿತ್ತು ದೋಣಿ ಬಿಡುವ ಏರ್ಪಾಡಿತ್ತು.

"ಜೊಂಡು ಕಿತ್ರೆ ಇವು ಎಲ್ಲಿಗೆ ಹೋಗ್ಬೇಕು?" ಎಂದು ಆ ಹೆಂಗಸು, ನಮ್ಮ ಹಿಂದೆಯೇ ಬಂದಿದ್ದ ಮಂಜುನಾಥನನ್ನೇ ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಜಂಬುಕೋಳಿಯ ಕಡೆ ನೋಡಿದೆ.

ಮಂಜುನಾಥ ದಡ್ಡನಲ್ಲ. ತಿಂಗಳೊಳಗೆ ದೋಣಿ ಕೈಬಿಟ್ಟ, ಜೊಂಡು ಉಳಿಯಿತು. ಹೊಸ ಕರಪತ್ರದಲ್ಲಿ ಜಂಬುಕೋಳಿ ಮರಿಗಳ ಸಮೇತ ಕಂಗೊಳಿಸಿತು. ಮೂವತ್ತು ವರ್ಷದ ಪಾಠಕ್ಕೆ ಈಗ ಫಲ ಸಿಕ್ಕಿತೆಂದು ಬೀಗಿಕೊಂಡು ಕೆರೆಗೆ ಹೋದೆ. ಏರಿಯುದ್ದಕ್ಕೂ ತಂತಿಬೇಲಿ, ಮೇಲೊಂದು ಫಲಕ: 'ಪಕ್ಷಿಧಾಮ. ಮೇಕೆಗಳಿಗೆ ಪ್ರವೇಶವಿಲ್ಲ.'

ಬೇಲಿಯ ಹೊರಗೆ ಮುನಿಯಮ್ಮ ಕೂತಿದ್ದರು. "ಸುಳ್ಳು ಹಕ್ಕಿ ಇದ್ದಾಗ್ಲೇ ವಾಸಿಯಾಗಿತ್ತು ಮೇಷ್ಟ್ರೇ" ಅಂದರು.

ಊರಿನ ಕೆರೆಗೆ ಬೇಲಿ ಹಾಕಲು ನೀನ್ಯಾರೋ ಎಂದು ಮಂಜುನಾಥನಿಗೆ ಫೋನ್ ಮಾಡಿದೆ. "ಹಕ್ಕಿ ವಿಷ್ಯ ಹೇಳಿದ್ದು ನೀವೇ ಅಲ್ವಾ ಮಾವ" ಅಂದ. ಫೋನು ಜೇಬಿಗೆ ಹಾಕಿ ಬೇಲಿಯ ಉದ್ದಕ್ಕೂ ನಡೆದೆ. ಹುಣಸೆಮರದ ಬಳಿ ತಂತಿ ಸಡಿಲವಾಗಿತ್ತು. ಮುನಿಯಮ್ಮನನ್ನು ಕರೆದು ಜಾಗ ತೋರಿಸಿ, ಮೇಕೆಗಳೆಲ್ಲ ನುಸುಳುವವರೆಗೂ ತಂತಿಯನ್ನು ಎತ್ತಿ ಹಿಡಿದುಕೊಂಡೆ.