ಫರ್ಸಿಕಲ್ಲಿನ ಜೋಗುಳ

ಆಗೆಲ್ಲ ನಮ್ಮ ಭಂಕೂರಿನಲ್ಲಿ ಮಕ್ಕಳಿಗೆ ಆಟಿಕೆ ಕೊಂಡುಕೊಡುವ ರೂಢಿ ಇರಲಿಲ್ಲ; ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಚೂರುಗಳು ಮಾತ್ರ ಬೇಕಾದಷ್ಟಿದ್ದವು. ಕಲ್ಲು ಕೊಯ್ಯುವ ಕೆಲಸ ಮುಗಿಸಿ ಬಂದ ಅಪ್ಪನ ಅಂಗಿಯೂ ತೊಯ್ದ ಕಲ್ಲುಪುಡಿಯ ವಾಸನೆ ಹೊಡೆಯುತ್ತಿತ್ತು.

ಒಂದು ಬೇಸಿಗೆ ರಜೆಯಲ್ಲಿ ಕುಂಟಾಟ ಆಡುವಾಗ ನಾನು ಎಸೆದ ಚೂರು ಇನ್ನೊಂದು ಕಲ್ಲಿಗೆ ಬಡಿದು ಟಿಣ್ ಎಂದಿತು. ಅಕ್ಕ ಗೌತಮಿ ಒಂಟಿಕಾಲಲ್ಲೇ ನಿಂತುಬಿಟ್ಟಳು.

"ಇದು ಅವ್ವನ ಜೋಗುಳದಾಗಿನ ದನಿ ಅದ ನೋಡು," ಎಂದಳು.

ಅಂದಿನಿಂದ ಆಟ ಬಿಟ್ಟು, ಜೋಗುಳದ ಉಳಿದ ದನಿಗಳಿಗಾಗಿ ಕಲ್ಲು ಬಡಿಯತೊಡಗಿದೆವು. ನೆಲದ ಮೇಲಿಟ್ಟರೆ ಕಲ್ಲು ಮೂಕ. ಹಳೆಯ ಸೀರೆಯನ್ನು ಹೊಸೆದು ಎರಡು ಹಗ್ಗ ಮಾಡಿ, ಅವುಗಳ ಮೇಲೆ ಅಡ್ಡ ಇಟ್ಟರೆ ಹಾಡುತ್ತಿತ್ತು. ಉದ್ದ ಚೂರಿನದು ಇಳಿದ ದನಿ. ತುದಿ ತಿಕ್ಕಿ ಗಿಡ್ಡ ಮಾಡಿದಷ್ಟೂ ದನಿ ಏರುತ್ತಿತ್ತು. ತುಸು ಹೆಚ್ಚು ತಿಕ್ಕಿದರೆ ಆ ಕಲ್ಲು ಕೆಟ್ಟಿತೆಂದೇ ಲೆಕ್ಕ.

"ಇಡೀ ದಿನ ಬಡೀಲಿಕತ್ತೀರಿ, ನನ್ನ ತಲಿ ಒಡೀತದ," ಎಂದು ಬೈಯುತ್ತಲೇ ಅವ್ವ ಒಲೆಯ ಮುಂದಿನಿಂದ ಹೇಳುತ್ತಿದ್ದಳು, "ಆ ಮೂರನೇದು ಇನ್ನಾ ಜರಾ ಏರಬೇಕು."

ಹೆರಿಗೆಗೆ ನಮ್ಮ ಮನೆಗೆ ಬಂದಿದ್ದ ಅತ್ತೆಯ ಕೂಸಿನ ತೊಟ್ಟಿಲ ಕಾರ್ಯದಲ್ಲಿ ನುಡಿಸುತ್ತೇವೆಂದು ಓಣಿಗೆಲ್ಲ ಹೇಳಿಬಿಟ್ಟೆವು. ಕಾರ್ಯದ ದಿನ ಬೆಳಿಗ್ಗೆಯೇ ಎಮ್ಮೆಯ ಕರು ಕಣ್ಣಿ ಬಿಚ್ಚಿಕೊಂಡು ಬಂದು, ಎಲ್ಲಕ್ಕಿಂತ ಎತ್ತರದ ದನಿಯ ಕಲ್ಲನ್ನೇ ತುಳಿದು ಎರಡು ಮಾಡಿತು. ಪ್ರತಿ ಸಾಲಿನ ಕೊನೆಗೆ ಬರುವ 'ಜೋ' ಆ ಕಲ್ಲಿನದು. ನಾನು ಅಳುತ್ತ ಕುಳಿತೆ.

ಅಕ್ಕ ಒಡೆದ ಎರಡು ಚೂರುಗಳನ್ನೂ ಬದಿಗೆ ಸರಿಸಿದಳು. ಆಮೇಲೆ, "ಬ್ಯಾರೇ ಕಲ್ಲು ಇಟ್ರ ಅಪಸ್ವರ ಆಗ್ತದ. ಆ ಜಾಗಾ ಖಾಲಿನೇ ಇರ್ಲಿ. ಅಲ್ಲಿ ಕೈ ಎತ್ತಿ ಸುಮ್ನ ಕುಂದ್ರು," ಎಂದಳು.

ಹೆಂಗಸರು ಗುಗ್ಗರಿಯ ಬಟ್ಟಲು ಹಿಡಿದು ಸುತ್ತ ಕುಳಿತರು. ಮೊದಲ ಸಾಲು ನುಡಿಸಿ ಇಬ್ಬರೂ ಕೈ ಎತ್ತಿದೆವು. ಆ ಖಾಲಿ ಜಾಗದಲ್ಲಿ, ತನಗೇ ತಿಳಿಯದಂತೆ, ಅತ್ತೆ "ಜೋ" ಎಂದಳು. ಎರಡನೇ ಸಾಲಿಗೆ ನಾಲ್ಕಾರು ಮಂದಿ ಕೂಡಿದರು. ಆಮೇಲೆ ಇಡೀ ಅಂಗಳವೇ ಬಾಯಲ್ಲಿ ಗುಗ್ಗರಿ ಇಟ್ಟುಕೊಂಡು ಆ ಒಂದು ದನಿಗಾಗಿ ಕಾಯತೊಡಗಿತು. ನಗೆಯ ಗದ್ದಲಕ್ಕೆ ಕೂಸು ಎಚ್ಚರಾಯಿತು.

"ಮಲಗ್ಸೋ ಹಾಡು ಹಾಡಿ ಎಬ್ಬಿಸೇ ಬಿಟ್ರಿ," ಎಂದು ಅವ್ವ ನಕ್ಕಳು. "ಇನ್ನೊಮ್ಮೆ ಬಾರಸ್ರಿ."

ಆ ಕೂಸು ಈಗ ತಾಯಿಯಾಗಿದ್ದಾಳೆ. ಮೊನ್ನೆ ಅವಳ ಮಗನ ತೊಟ್ಟಿಲಿಗೆ ಶಹಾಬಾದಿಗೆ ಹೋಗಿದ್ದೆ. ಸ್ಪೀಕರಿನಲ್ಲಿ ಜೋಗುಳ ಹಾಕಿದ್ದರು. ಕೊಳಲು, ತಬಲಾ ಎಲ್ಲ ಇದ್ದವು, ಕೇಳಲು ಚೆನ್ನಾಗಿಯೂ ಇತ್ತು. ತಲೆ ನರೆತ ಅತ್ತೆ ತೊಟ್ಟಿಲ ಹಗ್ಗ ಹಿಡಿದು 'ಜೋ' ಎನ್ನಲು ಎರಡು ಸಲ ಬಾಯಿ ತೆರೆದಳು. ಆ ಹಾಡಿನಲ್ಲಿ ಅವಳು ಹೊಗಲು ಎಲ್ಲಿಯೂ ಜಾಗವಿರಲಿಲ್ಲ.