ಅಕ್ಕನಿಗಾಗಿ ಬೇರೆ ವೈಫೈ

ಕಟ್ಟಡದ ಮಕ್ಕಳು ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಬಾಯಿ ಬೊಚ್ಚಾದವರಿಗೆ ಹಲ್ಲಿನ ಸೆಟ್ಟು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವಳದು ಇಪ್ಪತ್ತಾರು ವರ್ಷಗಳ ಕೆಲಸ. ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುವಾಗ ಅವಳ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ. ಮದುವೆಯ ಗೋಜಿಗೆ ಹೋದವಳಲ್ಲ. ಮನೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ, ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಅಮ್ಮ ತೀರಿಕೊಂಡಾಗ ಐದು ವರ್ಷದ ತಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಬೆಳೆಸಿದವಳು. ಈಗ ಮೂರು ವರ್ಷದಿಂದ ಆ ಅಕ್ಕನ ನೆನಪು ಸೋರಿಹೋಗುತ್ತಿತ್ತು. ತಂಗಿಯ ಗುರುತು ಒಂದು ದಿನ ಸಿಕ್ಕರೆ ಎರಡು ದಿನ ಇಲ್ಲ.

ಕೆಲಸಕ್ಕೆ ಹೋದಾಗಲೂ ಒಂದು ಕಣ್ಣಿರಲಿ ಎಂದು ಅವಳು ಅಕ್ಕನ ಕೋಣೆಯ ಮೂಲೆಯಲ್ಲಿ ಪುಟ್ಟ ಕ್ಯಾಮೆರಾ ಕೂರಿಸಿದ್ದಳು. ಆ ಕಟ್ಟಡದಲ್ಲಿ ಇಂಟರ್ನೆಟ್ಟು ಬಾಡಿಗೆಯ ಜೊತೆಗೇ ಬರುತ್ತಿತ್ತು. ಮೂವತ್ತು ಮನೆಗೂ ಒಂದೇ ವೈಫೈ. ಪಾಸ್‌ವರ್ಡನ್ನು ಲಿಫ್ಟಿನ ಪಕ್ಕ ಅಂಟಿಸಿದ್ದರು. ಕ್ಯಾಮೆರಾವನ್ನೂ ಅದಕ್ಕೇ ಜೋಡಿಸಿದ್ದಳು. ಕ್ಯಾಮೆರಾಕ್ಕೆ ಅದರದೇ ಪಾಸ್‌ವರ್ಡ್ ಇಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಾರ್ಖಾನೆಯ ಗದ್ದಲದಲ್ಲಿ ಫೋನಿನ ಸದ್ದು ಅಡಗಿಸಿ, ಕೈಬಿಡುವಾದಾಗ ಚಿತ್ರವನ್ನಷ್ಟೇ ನೋಡಿಕೊಳ್ಳುತ್ತಿದ್ದಳು.

ಎದುರುಮನೆಯ ಹೊಲಿಗೆಯವಳ ಹತ್ತಿರ ಇನ್ನೊಂದು ಕೀಲಿಕೈ ಇತ್ತು. ಎರಡು ಸಲ ಅವಳು ಕಾರ್ಖಾನೆಗೆ ಫೋನ್ ಮಾಡಿದ್ದಳು. "ಏನೋ ಬಿದ್ದ ಸದ್ದು ಕೇಳಿಸ್ತು ಕಣ್ರೀ, ಹೋಗಿ ನೋಡ್ದೆ. ಅಕ್ಕ ಕೆಳಗೆ ಕೂತಿದ್ರು. ಎಬ್ಬಿಸಿ ಮಲಗಿಸಿದೀನಿ, ಗಾಬರಿ ಬೇಡ."

"ನಿಮ್ಮ ಕಿವಿ ಭಾರೀ ಚುರುಕಪ್ಪಾ," ಎಂದು ಹಲ್ಲಕ್ಕ ಕೈಮುಗಿದಿದ್ದಳು.

ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಎರಡನೇ ಮಹಡಿಯ ಮನುಷ್ಯ ಹಲ್ಲು ಕಿರಿದ. "ನಿಮ್ಮಕ್ಕ ಫ್ಯಾನಿಗೆ ಬೈತಾರಲ್ಲ, ಅಬ್ಬಬ್ಬಾ! ನಮ್ಮನೇಲಿ ಎಲ್ರೂ ಬಿದ್ದು ಬಿದ್ದು ನಕ್ವಿ."

"ಎಲ್ಲಿ ನೋಡಿದ್ರಿ ನೀವು?"

"ನಮ್ಮ ಟಿವೀಲಿ ಬರುತ್ತಲ್ಲ. ವೈಫೈ ಎಲ್ಲರದ್ದೂ ಒಂದೇ ತಾನೆ?"

ದಿನಾ ಬೆಳಿಗ್ಗೆ ಅವಳು ಅಕ್ಕನ ಮೈ ಒರೆಸಿ ಬಟ್ಟೆ ಬದಲಿಸುತ್ತಿದ್ದದ್ದು ಅದೇ ಕೋಣೆಯಲ್ಲಿ. ಬಚ್ಚಲಿಗೆ ಹೋಗುವಾಗಲೂ ಬಾಗಿಲಿಗೆ ಎರಡು ಸಲ ಚಿಲಕ ಹಾಕುತ್ತಿದ್ದ ಅಕ್ಕ! ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವಳಿಗೆ.

ಅಂದು ರಜೆ ಹಾಕಿ ನೇರ ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯಾಕೆ ಸಮಾಧಾನವಾಗಿ ಹೇಳಿದಳು: "ನೀವಿರೋದು ಛತ್ರದಲ್ಲಿ ಮಲಗಿದ ಹಾಗೆ. ಈ ರೂಟರ್ ಮಧ್ಯೆ ಇಟ್ರೆ ನಿಮ್ಮದೇ ಒಂದು ಕೋಣೆ ಆಯ್ತು. ಗೋಡೆಯಿಂದ ಬರೋ ಇಂಟರ್ನೆಟ್ ವೈರು ರೂಟರಿನ ಬಣ್ಣದ ತೂತಿಗೇ ಹೋಗಬೇಕು, ನೆನಪಿಟ್ಕೊಳ್ಳಿ. ಆಮೇಲೆ ಹೆಸರು, ಪಾಸ್‌ವರ್ಡು ಎಲ್ಲಾ ಹೊಸದು ಇಡಿ. ಕ್ಯಾಮೆರಾದ್ದೂ, ರೂಟರಿನದ್ದೂ."

ಗಡಿಬಿಡಿಯಲ್ಲಿ ವೈರು ತಪ್ಪು ತೂತಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಕಟ್ಟಡದ ಮುಕ್ಕಾಲು ಮನೆಗಳ ಇಂಟರ್ನೆಟ್ಟು ಕೈಕೊಟ್ಟಿತು. ಮೇಲ್ವಿಚಾರಕ ಮನೆಮನೆ ವಿಚಾರಿಸಿಕೊಂಡು, ಏದುಸಿರು ಬಿಡುತ್ತಾ ನಾಲ್ಕು ಮಹಡಿ ಹತ್ತಿ ಬಂದ. "ಇರಲಾರದೆ ಇರುವೆ ಬಿಟ್ಕೊಂಡ್ರಲ್ಲಮ್ಮ!" ವೈರು ಕಿತ್ತು ಸರಿಯಾದ ತೂತಿಗೆ ಹಾಕಿದಳು. ಪಾಸ್‌ವರ್ಡಿಗೆಂದು, ಚಿಕ್ಕಂದಿನಲ್ಲಿ ತಲೆ ಬಾಚುವಾಗ ಅಕ್ಕ ಹೇಳುತ್ತಿದ್ದ ಅರ್ಥವಿಲ್ಲದ ಪ್ರಾಸವೊಂದನ್ನು ಉದ್ದಕ್ಕೆ ಟೈಪು ಮಾಡಿದಳು. ಹಲ್ಲು ಕೂರಿಸುವಷ್ಟೇ ಜೋಪಾನವಾಗಿ, ಒಂದೊಂದೇ ಅಕ್ಷರ. ಸಂಜೆ ಎರಡನೇ ಮಹಡಿಯ ಟಿವಿಯಲ್ಲಿ ಅಕ್ಕ ಇರಲಿಲ್ಲ.

ಹೊಲಿಗೆಯವಳ ಮುಂದೆ ಕೂತು ಅವಳು ಹೊಟ್ಟೆಯ ಸಂಕಟವನ್ನೆಲ್ಲ ಕಕ್ಕಿದಳು. "ನೋಡಿದವರ ಕಣ್ಣು ಇಂಗಿಹೋಗ!" ಹೊಲಿಗೆಯವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಹೋಗಲಿಲ್ಲ.

ಐದು ವಾರ ಕಳೆಯಿತು. ಆ ದಿನ ಕಾರ್ಖಾನೆಯಲ್ಲಿ ಸಂಜೆಯೊಳಗೆ ಮೂರು ಸೆಟ್ಟು ಮುಗಿಸಬೇಕಿತ್ತು. ಕೈತುಂಬ ಮೇಣ, ಮೈತುಂಬ ಅಚ್ಚಿನ ಪ್ಲಾಸ್ಟರಿನ ಹುಡಿ. ಫೋನ್ ತೆರೆದಾಗ ಒಂದೂವರೆ. ಮಂಚ ಖಾಲಿ. ಮಂಚದ ಪಕ್ಕ ಅಕ್ಕ ನೆಲಕ್ಕೆ ಕೆನ್ನೆ ಒತ್ತಿ ಮಲಗಿದ್ದಳು. ಒಂದು ಕಾಲು ಹೇಗೆ ಮಡಚಬಾರದೋ ಹಾಗೆ ಮಡಚಿತ್ತು. ಆಮೇಲೆ, ಕ್ಯಾಮೆರಾ ಒಂದು ದಿನದಷ್ಟೇ ಉಳಿಸಿಡುತ್ತಿದ್ದ ಹಿಂದಿನ ಚಿತ್ರವನ್ನು ತೆಗೆದು ನೋಡಿದರೆ, ಬಿದ್ದದ್ದು ಹನ್ನೊಂದು ಗಂಟೆಗೆ. ಎರಡೂವರೆ ಗಂಟೆ ಅಕ್ಕ ನೆಲವನ್ನು ಅಂಗೈಯಿಂದ ಸವರುತ್ತಾ ಬಿದ್ದುಕೊಂಡಿದ್ದಳು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಎದೆಗೆ ಕಫ ಕಟ್ಟಿತು. ಹದಿನೆಂಟನೇ ದಿನ ಅಕ್ಕ ಹೋದಳು.

ಎಲ್ಲ ಮುಗಿದ ಮರುವಾರ ಹೊಲಿಗೆಯವಳು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಬೆರಳುಗಳನ್ನೇ ಹಿಸುಕಿಕೊಂಡಳು.

"ಸದ್ದು ಕೇಳಿಸ್ತು ಅಂದದ್ದು ಸುಳ್ಳು. ನಿಮ್ಮಕ್ಕನ ಕೋಣೆ ನನ್ನ ಫೋನಿನಲ್ಲೂ ಬರ್ತಿತ್ತು. ಮೊದಲು ಕೈತಪ್ಪಿ ಸಿಕ್ತು, ಆಮೇಲೆ... ಮಿಷನ್ ಪಕ್ಕ ಇಟ್ಕೊಂಡು ಹೊಲೀತಿದ್ದೆ. ಬಟ್ಟೆ ಬದಲಾಯ್ಸೋ ಹೊತ್ತಿಗೆ ಮಗುಚಿ ಇಡ್ತಿದ್ದೆ, ನನ್ನಾಣೆ."

"ನಿಂತುಹೋದಾಗ ಒಂದು ಮಾತು ಹೇಳಬಾರದಿತ್ತಾ? ಪಾಸ್‌ವರ್ಡ್ ನಾನೇ ಕೊಡ್ತಿದ್ದೆ."

"ಅಷ್ಟು ಶಾಪ ಹಾಕಿದ ಮೇಲೆ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಹಲ್ಲಕ್ಕನಿಗೆ ಸಿಟ್ಟು ಬಂತು, ಬಂದಷ್ಟೇ ಬೇಗ ಇಳಿದೂ ಹೋಯಿತು. ಪಾಸ್‌ವರ್ಡ್ ಹಾಕಿ ಬಾಗಿಲು ಮುಚ್ಚಿದ್ದು ತಪ್ಪೆನ್ನಲು ಅವಳ ಮನಸ್ಸು ಒಪ್ಪಲಿಲ್ಲ. ಸರಿ ಎನ್ನಲು ನಾಲಿಗೆ ಏಳಲಿಲ್ಲ. ಹೊಲಿಗೆಯವಳೇ ಮತ್ತೆ ಬಾಯಿಬಿಟ್ಟಳು.

"ಮಧ್ಯಾಹ್ನ ಹನ್ನೆರಡಾಯ್ತು ಅಂದ್ರೆ ನಿಮ್ಮಕ್ಕ ಬಾಗಿಲ ಕಡೆ ತಿರುಗಿ ಕೂಗೋರು. 'ಪುಟ್ಟೀ, ಹಸಿವಾಯ್ತೇನೇ? ಬಂದೆ ಇರು' ಅಂತ. ದಿನಾ."

ಚಿಕ್ಕಂದಿನ ಆ ಹೆಸರಿನಿಂದ ಅಕ್ಕ ತನ್ನನ್ನು ಕರೆದು ಎರಡು ವರ್ಷವಾಯಿತೆಂದು ಅವಳು ತಿಳಿದಿದ್ದಳು. ಸದ್ದು ಅಡಗಿಸಿದ ಫೋನಿನಲ್ಲಿ ಅಕ್ಕನ ತುಟಿ ಅಲುಗಿದ್ದನ್ನಷ್ಟೇ ಕಂಡಿದ್ದಳು. ಫ್ಯಾನಿಗೆ ಬೈಯುತ್ತಿದ್ದಾಳೆ ಅಂದುಕೊಂಡಿದ್ದಳು.

ಮುಖಕ್ಕೆ ಎರಡೂ ಕೈ ಒತ್ತಿ ಅವಳು ಬಿಕ್ಕಿಬಿಕ್ಕಿ ಅತ್ತಳು. ಅತ್ತು ದಣಿದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೇನೇನ್ ಅಂತಿದ್ಳು? ಎಲ್ಲಾ ಹೇಳಿ. ಒಂದೂ ಬಿಡಬೇಡಿ."

ಹೊಲಿಗೆಯವಳು ಕಣ್ಣೊರೆಸಿಕೊಂಡು ಹೇಳತೊಡಗಿದಳು.